ಇಳಿವಯಸ್ಸಿಗೂ ಒಂದು ಪಾಲು

ಮುಪ್ಪು ಯಾವಾಗ ಸಫಲವೆನಿಸುತ್ತದೆ ಎಂಬ ಪ್ರಶ್ನೆಯನ್ನು ವೃದ್ಧಾಪ್ಯಶಾಸ್ತ್ರ, ಅಂದರೆ ವಯಸ್ಸಾಗುವಿಕೆಯ ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಮುಖಗಳನ್ನು ಅಭ್ಯಸಿಸುವ ಜ್ಞಾನಶಾಖೆ, ಆರು ದಶಕಗಳಿಂದ ಕೇಳುತ್ತಾ ಬಂದಿದೆ. ಅಮೆರಿಕದ ವಿದ್ವಾಂಸರಾದ ಜಾನ್ ರೋ ಮತ್ತು ರಾಬರ್ಟ್ ಕಾನ್ 1987ರಲ್ಲಿ ಮಂಡಿಸಿ 1997ರಲ್ಲಿ ವಿಸ್ತರಿಸಿದ ವಿವರಣೆಯ ಪ್ರಕಾರ ಅದಕ್ಕೆ ಮೂರು ಲಕ್ಷಣಗಳಿವೆ: ರೋಗ ಮತ್ತು ಅಂಗವೈಕಲ್ಯ ಕಡಿಮೆಯಿರಬೇಕು, ದೇಹ ಮತ್ತು ಬುದ್ಧಿಯ ಶಕ್ತಿ ಉಳಿದಿರಬೇಕು, ಬದುಕಿನೊಡನೆ ಸಕ್ರಿಯ ಸಂಬಂಧವಿರಬೇಕು. ಈ ಅಳತೆಗೋಲನ್ನು ಹಾಸನದ ಬೂವನಹಳ್ಳಿಗೋ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಯಾವುದಾದರೂ ಹಳ್ಳಿಗೋ ತಂದರೆ ಮೊದಲ ಲಕ್ಷಣದಲ್ಲಿಯೇ ಬಹುಮಂದಿ ಅನುತ್ತೀರ್ಣರಾಗುತ್ತಾರೆ, ಏಕೆಂದರೆ ಬಿ.ಪಿ., ಸಕ್ಕರೆ ಕಾಯಿಲೆ, ಸವೆದ ಮಂಡಿ, ಪೊರೆ ಬಂದ ಕಣ್ಣು ಇವುಗಳಲ್ಲಿ ಒಂದೂ ಇಲ್ಲದೆ ಎಪ್ಪತ್ತು ದಾಟಿದವರು ಅಲ್ಲಿ ಅಪರೂಪ. ಆದರೂ ಅಂಥವರಲ್ಲಿ ಅನೇಕರು ತಮ್ಮ ಬದುಕನ್ನು ಸೋಲೆಂದು ಬಗೆಯುವುದಿಲ್ಲ.

ಈ ತೊಡಕನ್ನು ಅರಿತೇ ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ವರದಿಯಲ್ಲಿ ಆರೋಗ್ಯಕರ ವೃದ್ಧಾಪ್ಯವನ್ನು ರೋಗದ ಅಭಾವದಿಂದ ಅಳೆಯದೆ, ವ್ಯಕ್ತಿ ತಾನು ಬೆಲೆಕೊಡುವ ಕೆಲಸವನ್ನು ಮಾಡಿಕೊಂಡು ತನಗೆ ಸರಿಯೆನಿಸಿದಂತೆ ಇರಲು ಸಾಧ್ಯವಾಗುವ ಸಾಮರ್ಥ್ಯದಿಂದ ಅಳೆಯಬೇಕೆಂದು ಸೂಚಿಸಿತು. ಯಾವ ಕೆಲಸಕ್ಕೆ ಬೆಲೆ, ಯಾವ ಇರವಿಗೆ ಮರ್ಯಾದೆ ಎಂಬುದನ್ನು ನಿರ್ಧರಿಸುವುದು ಆಯಾ ಸೀಮೆಯ ಸಂಸ್ಕೃತಿಯಾದ್ದರಿಂದ, ಹಿರಿಯರಿಗೆ ನೀಡುವ ನೆರವು ಕೂಡ ಆ ಸಂಸ್ಕೃತಿಯ ಒಳಗಿನಿಂದಲೇ ಹುಟ್ಟಬೇಕಾಗುತ್ತದೆ. ಹಾಸನದ ಗ್ರಾಮಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮನೆಯ ದುಡಿಮೆ, ಊಟ, ಮಾತು ಮತ್ತು ಆಸ್ತಿಯಲ್ಲಿ ಹಿರಿಯರ ಪಾಲು ಎಷ್ಟು ಉಳಿದಿದೆಯೋ ಅಷ್ಟರಮಟ್ಟಿಗೆ ಅವರ ಮುಪ್ಪು ಗಟ್ಟಿಯಾಗಿರುತ್ತದೆ, ಆ ಪಾಲನ್ನು ಕಸಿಯುವ ಆರೈಕೆ, ಎಷ್ಟೇ ಪ್ರೀತಿಯದಾಗಿದ್ದರೂ, ಅವರನ್ನು ಬೇಗ ಹಾಸಿಗೆ ಹಿಡಿಸುತ್ತದೆ.

ಬದಲಾದ ಹಳ್ಳಿ

2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ; ಹಿಂದಿನ ಹತ್ತು ವರ್ಷಗಳಲ್ಲಿ ಅದು ಬೆಳೆದದ್ದು ಶೇ 3ರ ಆಸುಪಾಸು ಮಾತ್ರ. ಹೆರಿಗೆಗಳು ಕಡಿಮೆಯಾದದ್ದು, ದುಡಿಯುವ ವಯಸ್ಸಿನವರು ಬೆಂಗಳೂರು, ಮೈಸೂರುಗಳಿಗೆ ಹೊರಟದ್ದು ಎರಡೂ ಈ ಅಂಕಿಯ ಹಿಂದಿವೆ. ಬೆಂಗಳೂರಿನ ಹೆದ್ದಾರಿ ಅಗಲವಾದ ಮೇಲೆ ಮಕ್ಕಳು ಶನಿವಾರ ಸಂಜೆ ಬಂದು ಭಾನುವಾರ ಹೊರಡುವುದು ಸುಲಭವಾಯಿತು. ಆದರೆ ವಾರದ ಉಳಿದ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಗಂಡಹೆಂಡಿರಿಬ್ಬರೋ ಒಂಟಿ ವಿಧವೆಯೋ ಒಂದೆರಡು ಹಸುಗಳೊಂದಿಗೆ ಉಳಿಯುವಂತಾಗಿದೆ. ಕೂಡುಕುಟುಂಬ ಎಂಬ ಮಾತು ಬಾಯಲ್ಲಿ ಉಳಿದಿದ್ದರೂ ಅದು ಒಂದೇ ಸೂರಿನಡಿಯ ಬಾಳ್ವೆಯಿಂದ ಫೋನು, ಬಸ್ಸು ಮತ್ತು ಹಬ್ಬಗಳ ಮೂಲಕ ನಡೆಯುವ ಬಾಳ್ವೆಯಾಗಿ ಮಾರ್ಪಟ್ಟಿದೆ.

ಹೊರೆ ಇಳಿಸಿ, ನಡಿಗೆ ಉಳಿಸಿ

ಜರ್ಮನಿಯ ಮನಶ್ಶಾಸ್ತ್ರಜ್ಞರಾದ ಪಾಲ್ ಬಾಲ್ಟೆಸ್ ಮತ್ತು ಮಾರ್ಗ್ರೆಟ್ ಬಾಲ್ಟೆಸ್ 1990ರಲ್ಲಿ ರೂಪಿಸಿದ ಸಿದ್ಧಾಂತವೊಂದು ಇಲ್ಲಿ ಉಪಯುಕ್ತವಾಗಿದೆ. ಶಕ್ತಿ ಕುಂದುತ್ತಿರುವಾಗ ಚೆನ್ನಾಗಿ ಬಾಳುವವರು ಮೂರು ಉಪಾಯಗಳನ್ನು ಹೂಡುತ್ತಾರೆ ಎಂಬುದು ಅದರ ತಿರುಳು: ಮಾಡುವ ಕೆಲಸಗಳಲ್ಲಿ ಕೆಲವನ್ನು ಮಾತ್ರ ಇಟ್ಟುಕೊಳ್ಳುವುದು ‘ಆಯ್ಕೆ’, ಇಟ್ಟುಕೊಂಡದ್ದನ್ನು ಹೆಚ್ಚಿನ ಅಭ್ಯಾಸದಿಂದ ಚೊಕ್ಕವಾಗಿ ಮಾಡುವುದು ‘ಸಂವರ್ಧನೆ’, ಕಳೆದುಹೋದ ಶಕ್ತಿಗೆ ಬದಲಿ ದಾರಿ ಹುಡುಕುವುದು ‘ಸರಿದೂಗಿಸುವಿಕೆ’. ಅವರು ಕೊಟ್ಟ ಪ್ರಸಿದ್ಧ ಉದಾಹರಣೆ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರದು. ಇಳಿವಯಸ್ಸಿನಲ್ಲಿ ಅವರು ಕಡಿಮೆ ಕೃತಿಗಳನ್ನು ಆರಿಸಿಕೊಂಡು, ಅವುಗಳನ್ನೇ ಹೆಚ್ಚು ಅಭ್ಯಾಸ ಮಾಡಿ, ವೇಗದ ಭಾಗಕ್ಕೆ ಮುಂಚೆ ಗತಿಯನ್ನು ತಗ್ಗಿಸಿ ಆ ವೇಗ ಎದ್ದು ಕಾಣುವಂತೆ ನುಡಿಸುತ್ತಿದ್ದರು.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಈ ಸಿದ್ಧಾಂತಕ್ಕೆ ಕನ್ನಡ ನೆಲದ ನಿದರ್ಶನವಾಗಬಲ್ಲರು. 2014ರಲ್ಲಿ ತೀರಿಕೊಂಡ ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ನಡೆಸುತ್ತಿದ್ದರು. ಪಕ್ಕದಲ್ಲಿ ಮಗ ಹಾಗೂ ಶಿಷ್ಯ ರಮಾಕಾಂತರ ಸಹಗಾಯನವಿರುತ್ತಿತ್ತು. ಹಿರಿಯರ ಪಕ್ಕದಲ್ಲಿ ಕಿರಿಯರ ದನಿಯಿರುವ ಈ ಏರ್ಪಾಟಿನಲ್ಲಿ ವಿದ್ಯೆ ಮುಂದಿನ ತಲೆಗೆ ದಾಟುತ್ತದೆ, ಹಿರಿಯರ ಉಸಿರಿಗೆ ಬಿಡುವು ಸಿಗುತ್ತದೆ, ವೇದಿಕೆಯ ನಡುವಿನ ಜಾಗ ಮಾತ್ರ ಅವರದಾಗಿಯೇ ಉಳಿಯುತ್ತದೆ. ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗೆ ‘ಅಮೆರಿಕಾದಲ್ಲಿ ಗೊರೂರು’ ಪ್ರವಾಸಕಥನಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ ಎಪ್ಪತ್ತಾರು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಕಟ್ಟಿದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು 1880ರಿಂದ 1975ರವರೆಗೆ ಬಾಳಿ ಕೊನೆಗಾಲದವರೆಗೂ ಗ್ರಂಥರಚನೆಯಲ್ಲಿ ತೊಡಗಿದ್ದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಉತ್ತರಕಾಂಡ’ ಪ್ರಕಟವಾದದ್ದು 2017ರಲ್ಲಿ, ಅವರು ಎಂಬತ್ತೈದು ದಾಟಿದ ಮೇಲೆ. ಇವರೆಲ್ಲರ ಪ್ರತಿಭೆ ದೊಡ್ಡದು, ನಿಜ. ಆದರೆ ಇವರ ಕೆಲಸವನ್ನು ಎದುರುನೋಡುವ ಶಿಷ್ಯರೋ ಓದುಗರೋ ಸುತ್ತ ಇದ್ದರೆಂಬುದೂ ಅಷ್ಟೇ ಮುಖ್ಯ.

ಹಳ್ಳಿಯ ಸಾಮಾನ್ಯ ಹಿರಿಯರಿಗೆ ಹೀಗೆ ಎದುರುನೋಡುವಿಕೆಯನ್ನು ಒದಗಿಸುವ ಸಂಸ್ಥೆ ಹಾಲಿನ ಡೈರಿ. ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳನ್ನೊಳಗೊಂಡ ಹಾಸನ ಹಾಲು ಒಕ್ಕೂಟದ ಸಹಕಾರ ಸಂಘಗಳು ಬೆಳಗ್ಗೆ, ಸಂಜೆ ಎರಡು ಹೊತ್ತೂ ಬಾಗಿಲು ತೆರೆಯುತ್ತವೆ. ಒಂದು ಸೀಮೆಹಸುವನ್ನು ಸಾಕುವ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಹೊಲದಿಂದ ಹುಲ್ಲಿನ ಹೊರೆ ತರುವುದು, ಸಗಣಿ ಬಾಚುವುದು, ಬೂಸಾ ಹಿಂಡಿ ಕಲಸುವುದು, ಹಾಲು ಕರೆಯುವುದು, ಕರುವನ್ನು ಬಿಟ್ಟು ಕಟ್ಟುವುದು, ಕ್ಯಾನು ಹಿಡಿದು ಡೈರಿಗೆ ನಡೆಯುವುದು, ಅಳತೆಯನ್ನೂ ಫ್ಯಾಟನ್ನೂ ನೋಡಿ ಬರೆಸಿಕೊಳ್ಳುವುದು ಇಷ್ಟೆಲ್ಲ ಅಡಗಿವೆ. ಎಪ್ಪತ್ತರ ಮಂಡಿಗೆ ಹೊರೆಯೂ ಸಗಣಿ ಮಂಕರಿಯೂ ಆಗದಿದ್ದರೂ ಕರುವಿನ ಉಸ್ತುವಾರಿ ಮತ್ತು ಅರ್ಧ ಕ್ಯಾನಿನ ನಡಿಗೆ ಆಗುತ್ತವೆ. ಹೊರೆಯನ್ನು ಮಗನೋ ಕೂಲಿಯವರೋ ವಹಿಸಿಕೊಂಡು ನಡಿಗೆಯನ್ನು ಹಿರಿಯರಿಗೇ ಬಿಟ್ಟಾಗ ದಿನಕ್ಕೆರಡು ಸಲ ಕಾಲಿಗೆ ವ್ಯಾಯಾಮ, ಸಾಲಿನಲ್ಲಿ ನಿಂತಾಗ ನಾಲ್ಕು ಮಾತು, ಲೆಕ್ಕ ಹಿಡಿಯುವುದರಿಂದ ಬುದ್ಧಿಗೆ ಚುರುಕು, ಬಟವಾಡೆಯಿಂದ ಕೈಗೆ ಕಾಸು ಒಟ್ಟಿಗೇ ದಕ್ಕುತ್ತವೆ. ‘ಇಷ್ಟು ವಯಸ್ಸಾದ ಮೇಲೆ ನಿಮಗ್ಯಾಕೆ, ಸುಮ್ಮನೆ ಕೂತಿರಿ’ ಎಂಬ ನಗರವಾಸಿ ಮಕ್ಕಳ ಒತ್ತಾಯಕ್ಕೆ ಮಣಿದು ಹಸುವನ್ನು ಮಾರಿದಾಗ ಇವೆಲ್ಲವೂ ಒಂದೇ ದಿನದಲ್ಲಿ ನಿಲ್ಲುತ್ತವೆ.

ಅವರೆಕಾಯಿ ಸುಲಿದು ಹಿತುಕುವುದು, ಸೊಪ್ಪು ಸೋಸುವುದು, ಬಿತ್ತನೆಗೆಂದು ಕಾಳು ಹಸನು ಮಾಡಿ ಬೂದಿ ಬೆರೆಸಿ ಇಡುವುದು, ಕಣದಲ್ಲಿ ಕಾವಲು ಕೂರುವುದು ಇಂಥ ಕುಳಿತು ಮಾಡುವ ಕೆಲಸಗಳೂ ಇದೇ ಬಗೆಯವು. ಒಕ್ಕಣೆ ಯಂತ್ರ ಬಂದ ಮೇಲೆ ಇವುಗಳಲ್ಲಿ ಕೆಲವು ಮರೆಯಾಗಿವೆ. ಉಳಿದವುಗಳನ್ನಾದರೂ ಹಿರಿಯರ ಹಕ್ಕಿನ ಕೆಲಸವೆಂದು ಕಾದಿಡುವುದಕ್ಕೆ ಸರ್ಕಾರದ ಆದೇಶವೇನೂ ಬೇಕಿಲ್ಲ.

ತಟ್ಟೆ ಮತ್ತು ತಾಂಬೂಲ

ಆಹಾರದ ವಿಷಯದಲ್ಲಿ ಈ ಸೀಮೆಯ ಹಿರಿಯರಿಗೆ ಹೊಸ ಪಥ್ಯವನ್ನು ಹೇರುವುದಕ್ಕಿಂತ ಹಳೆಯ ತಟ್ಟೆಯನ್ನು ತಿದ್ದುವುದು ಫಲಕಾರಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದ್ದು, ಅಕ್ಕಿ, ಗೋಧಿಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವ ರೂಢಿಯಿರುವುದರಿಂದ ಹಲ್ಲಿಲ್ಲದ ಬಾಯಿಗೂ ಅದು ಒಗ್ಗುತ್ತದೆ. ಕೊರತೆಯಾಗುವುದು ಸ್ನಾಯುಗಳನ್ನು ಕಾಯುವ ಪ್ರೋಟೀನಿನದು. ಬಸ್ಸಾರಿನ ಕಟ್ಟು ಮಾತ್ರ ಹಿರಿಯರ ತಟ್ಟೆಗೆ ಬಂದು ಕಾಳು, ಸೊಪ್ಪಿನ ಪಲ್ಯ ಹಲ್ಲಿದ್ದವರ ಪಾಲಾಗುವುದರಿಂದ, ಬೆಂದ ಹುರುಳಿಯನ್ನೋ ಅವರೆಕಾಳನ್ನೋ ಹಿಸುಕಿ ಸಾರಿಗೆ ಬೆರೆಸುವುದು, ಮಜ್ಜಿಗೆಯ ಜೊತೆಗೆ ಒಂದು ಮೊಟ್ಟೆ ಕೊಡುವುದು ಮುಂತಾದ ಸಣ್ಣ ಬದಲಾವಣೆಗಳೇ ಸಾಕಾಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ಮುದ್ದೆ ಎಷ್ಟಾದರೂ ಆದೀತೆಂಬ ನಂಬಿಕೆಯನ್ನು ಮಾತ್ರ ಕೈಬಿಡಬೇಕು; ಮುದ್ದೆಯ ಗಾತ್ರ ಇಳಿದು ಸೊಪ್ಪುಕಾಳು ಹೆಚ್ಚಬೇಕು.

ಎಲೆಅಡಿಕೆಯ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದದ್ದು. ಜಗಲಿಯ ಮೇಲೆ ಎಲೆಅಡಿಕೆ ಚೀಲ ಬಿಚ್ಚಿ, ಹಲ್ಲಿಲ್ಲದವರು ಅಡಿಕೆಯನ್ನು ಕುಟ್ಟಾಣಿಗೆ ಹಾಕಿ ಕುಟ್ಟುತ್ತಾ ಕೂತರೆ ಅಲ್ಲೊಂದು ಸಭೆಯೇ ನೆರೆಯುತ್ತದೆ. ಆದರೆ ಆ ಚೀಲದಲ್ಲಿ ಹೊಗೆಸೊಪ್ಪೂ ಇರುತ್ತದೆ. ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇರುವ ತಂಬಾಕಿನ ಸೀಮೆಯಿದು. ಹೊಗೆಸೊಪ್ಪು ಬಾಯಿ ಕ್ಯಾನ್ಸರಿಗೆ ಕಾರಣವೆಂಬುದು ಬಹುಕಾಲದಿಂದ ತಿಳಿದ ವಿಷಯ. ಅಡಿಕೆ ತಾನೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಚೀಲವನ್ನೇ ಕಿತ್ತುಕೊಂಡರೆ ಸಭೆಯೂ ಚದರುತ್ತದೆಯಾದ್ದರಿಂದ, ಮೊದಲು ಹೊಗೆಸೊಪ್ಪನ್ನು, ಬಳಿಕ ಅಡಿಕೆಯನ್ನು ಬಿಡಿಸಿ, ಸೋಂಪು, ಲವಂಗದೊಡನೆ ಎಲೆಯನ್ನು ಉಳಿಸಿ, ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಂದ ಬಾಯಿಯ ಒಳಭಾಗವನ್ನು ತೋರಿಸಿಕೊಳ್ಳುವಂತೆ ಮಾಡುವುದು ಹೆಚ್ಚು ನಡೆಯುವ ದಾರಿ.

ಅರಳುಮರಳು ಎಂಬ ಅಪವಾದ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಎರಡು ಬಗೆಯ ಹಾನಿ ಮಾಡಿದೆ: ಬುದ್ಧಿ ನೆಟ್ಟಗಿರುವ ಹಿರಿಯರ ಮಾತನ್ನು ತಳ್ಳಿಹಾಕಲು ಅದೊಂದು ನೆಪವಾಗಿದೆ, ನಿಜವಾಗಿ ಮರೆವಿನ ಕಾಯಿಲೆ ಬಂದವರನ್ನು ವಯಸ್ಸಿನ ಸಹಜ ಸ್ಥಿತಿಯೆಂದು ಬಿಟ್ಟುಬಿಡಲೂ ಕಾರಣವಾಗಿದೆ. ಡಿಮೆನ್ಷಿಯಾ ಎಂದರೆ ಮಿದುಳಿನ ಜೀವಕೋಶಗಳು ಕ್ಷಯಿಸಿ ನೆನಪು, ವಿವೇಚನೆ ಮತ್ತು ನಿತ್ಯದ ಕೆಲಸ ಮಾಡುವ ಶಕ್ತಿ ಕ್ರಮೇಣ ಕುಂದುವ ಕಾಯಿಲೆಗಳ ಗುಂಪು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಅದಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಅಂದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನಕ್ಕೆ ಆ ಗಾದೆ ಅನ್ವಯಿಸುವುದಿಲ್ಲ, ಅನ್ವಯಿಸುವವರಿಗೆ ಬೇಕಿರುವುದು ನಗೆಯಾಡುವಿಕೆಗೆ ಬದಲು ಚಿಕಿತ್ಸೆ.

ಕಾಯಿಲೆಯನ್ನು ಗುರುತಿಸುವ ಪರೀಕ್ಷೆಯೂ ನೆಲಕ್ಕೆ ಒಗ್ಗಬೇಕು. ಇಂದು ಯಾವ ತಾರೀಖು, ಒಂದು ವಾಕ್ಯ ಬರೆಯಿರಿ ಎಂದು ಕೇಳುವ ಪಾಶ್ಚಾತ್ಯ ಪ್ರಶ್ನಾವಳಿಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಸೋಲುವುದು ಅಕ್ಷರದ ಕೊರತೆಯಿಂದಲೇ ಹೊರತು ಬುದ್ಧಿಯ ಕೊರತೆಯಿಂದಲ್ಲ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಅನಕ್ಷರಸ್ಥ ಹಿರಿಯರಿಗಾಗಿ ಅಂಥ ಪ್ರಶ್ನೆಗಳನ್ನು ಬದಲಿಸಿದ ಹಿಂದಿ ಪರೀಕ್ಷೆಯೊಂದು ಸಿದ್ಧವಾಯಿತು. ಕರ್ನಾಟಕದ ಹಳ್ಳಿಗರ ನಡುವೆಯೂ ಸಂಶೋಧನೆ ಸಾಗಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನು ನಡೆಸುತ್ತಿದೆ. ಹಾಸನದ ರೈತ ಹಿರಿಯರಲ್ಲಿ ಕಾಲಪ್ರಜ್ಞೆಯನ್ನು ಅಳೆಯಲು ಮಳೆ ನಕ್ಷತ್ರಗಳಿಗಿಂತ ಒಳ್ಳೆಯ ಸಾಧನ ಸಿಗಲಾರದು: ಇಂಗ್ಲಿಷ್ ತಿಂಗಳು ತಿಳಿಯದವರೂ ಈಗ ರೋಹಿಣಿ ನಡೆಯುತ್ತಿದೆ, ಇನ್ನು ನಾಲ್ಕು ದಿನಕ್ಕೆ ಮೃಗಶಿರ ಹುಟ್ಟುತ್ತದೆ, ಆಲೂಗೆಡ್ಡೆ ಬಿತ್ತನೆ ತಡವಾಯಿತು ಎಂದು ತಪ್ಪಿಲ್ಲದೆ ಹೇಳುತ್ತಾರೆ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ ನಡೆಯುವುದರಿಂದ, ಜೀವಮಾನವಿಡೀ ಆ ಲೆಕ್ಕ ಇಟ್ಟವರು ಅದನ್ನು ತಪ್ಪತೊಡಗಿದರೆ ಮನೆಯವರು ಎಚ್ಚರಗೊಳ್ಳಬೇಕು, ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ಮನಸ್ಸಿನ ಖಿನ್ನತೆಯನ್ನೂ ಈ ಸೀಮೆಯವರು ಆ ಹೆಸರಿನಿಂದ ಹೇಳಿಕೊಳ್ಳುವುದು ಕಡಿಮೆ. ‘ಊಟ ಸೇರುತ್ತಿಲ್ಲ’, ‘ಮೈಯೆಲ್ಲ ನೋವು’, ‘ಯಾತಕ್ಕೂ ಬೇಡ ಅನ್ನಿಸುತ್ತೆ’ ಎಂಬ ಮಾತುಗಳ ಹಿಂದೆ ಅದು ಅಡಗಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋವಿನ ಮಾತ್ರೆಯಷ್ಟನ್ನೇ ಕೊಟ್ಟು ಕಳಿಸಿದರೆ ಮೂಲ ಹಾಗೆಯೇ ಉಳಿಯುತ್ತದೆ. ಹಿರಿಯ ನಾಗರಿಕರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇಂಥ ಕೇಂದ್ರಗಳಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ಕೂ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡೂ ಇರಬೇಕೆಂಬ ನಿಯಮವಿದ್ದು, ಕ್ಲಿನಿಕ್ಕಿನ ದಿನವನ್ನು ಊರಿನ ಸಂತೆಯ ದಿನದೊಂದಿಗೆ ಹೊಂದಿಸಿದರೆ ಬಸ್ಸಿನ ಅನುಕೂಲವೂ ಜೊತೆಗಾರರೂ ತಾವಾಗಿಯೇ ದೊರೆಯುತ್ತಾರೆ.

ಭಜನೆ ಮನೆ, ನಾಟಕ, ಬಸ್ಸು

ಒಂಟಿತನಕ್ಕೆ ಮದ್ದಾಗಬಲ್ಲ ಸಾಮಗ್ರಿ ಹಳ್ಳಿಯಲ್ಲಿ ಮೊದಲೇ ಇದೆ. ಶನಿವಾರದ ಭಜನೆ, ಧನುರ್ಮಾಸದ ಪೂಜೆ, ಮದುವೆಮನೆಯ ಸೋಬಾನೆ ಇವುಗಳಲ್ಲಿ ಹಿರಿಯರು ಅತಿಥಿಗಳಾಗಿರದೆ ಮುಂದಾಳುಗಳಾಗಿರುತ್ತಾರೆ. ಹಾಸನ ಸೀಮೆಯ ಹಳ್ಳಿಗಳಲ್ಲಿ ರೈತರೇ ಬಣ್ಣ ಹಚ್ಚಿ ಆಡುವ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳಲ್ಲಿ, ಒಂದು ಕಾಲಕ್ಕೆ ದುರ್ಯೋಧನನ ಪಾತ್ರ ಮಾಡಿದವರು ವಯಸ್ಸಾದ ಮೇಲೆ ಹಾರ್ಮೋನಿಯಂ ಮೇಷ್ಟರ ಪಕ್ಕ ಕೂತು ಹುಡುಗರಿಗೆ ಕಂದಪದ್ಯದ ಎಳೆತವನ್ನು ತಿದ್ದುತ್ತಾರೆ. ತಿಂಗಳುಗಟ್ಟಲೆ ರಾತ್ರಿ ನಡೆಯುವ ಈ ಅಭ್ಯಾಸ ನೆನಪಿನ ಶಕ್ತಿಗೂ ತಲೆಮಾರುಗಳ ಒಡನಾಟಕ್ಕೂ ಒದಗಿಸುವ ಪೋಷಣೆಯನ್ನು ಯಾವ ಕೃತಕ ಚಟುವಟಿಕೆಯೂ ಒದಗಿಸಲಾರದು.

ಚಲನೆಯ ಸ್ವಾತಂತ್ರ್ಯವೂ ಇಲ್ಲಿ ಸೇರುತ್ತದೆ. 2023ರ ಜೂನ್ 11ರಂದು ಆರಂಭವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದ ಹಿರಿಯ ಮಹಿಳೆಯರು ಮಗನ ಮುಂದೆ ಚಾರ್ಜಿಗೆ ಕೈಚಾಚದೆ ತವರಿಗೋ ಮಗಳ ಮನೆಗೋ ಧರ್ಮಸ್ಥಳಕ್ಕೋ ಹೊರಡುವಂತಾಯಿತು. ಯೋಜನೆಯ ಖರ್ಚುವೆಚ್ಚದ ಚರ್ಚೆ ಏನೇ ಇರಲಿ, ವೃದ್ಧಾಪ್ಯದ ದೃಷ್ಟಿಯಿಂದ ಅದು ದೊಡ್ಡ ನೆರವು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಮೆಟ್ಟಿಲು ಹತ್ತಲಾರದವರಿಗೆ ಡೋಲಿಯಿರುವಂತೆ, ಸಾಮಾನ್ಯ ಬಸ್ಸಿನ ಮೆಟ್ಟಿಲಿಗೂ ನಿಲ್ದಾಣದ ಶೌಚಾಲಯಕ್ಕೂ ಹಿರಿಯರ ಮಂಡಿಯನ್ನು ನೆನೆದು ಮಾಡಿದ ಏರ್ಪಾಟು ಬೇಕಾಗಿದೆ.

ಪಹಣಿಯಲ್ಲಿ ಹೆಸರು

ಈ ಸಂಸ್ಕೃತಿಗೆ ಕಹಿ ಮುಖವೂ ಇದೆ. ಅಣ್ಣತಮ್ಮಂದಿರು ಪಾಲಾಗುವಾಗ ಜಮೀನಿನ ಜೊತೆಗೆ ತಂದೆತಾಯಿಯೂ ಪಾಲಾಗಿ, ತಿಂಗಳಿಗೊಬ್ಬರ ಮನೆಯೆಂಬ ಪಾಳಿಯಲ್ಲಿ ಅಪ್ಪ ಒಂದೆಡೆ ಅವ್ವ ಒಂದೆಡೆಯಾಗುವುದು ಅಪರೂಪವೇನಲ್ಲ. ಬೂವನಹಳ್ಳಿಯ ಸುತ್ತ ಹಾಸನದ ವಿಮಾನ ನಿಲ್ದಾಣಕ್ಕೆಂದು ಜಮೀನು ಸ್ವಾಧೀನವಾದಂಥ ಕಡೆಗಳಲ್ಲಿ ಪ್ರಶ್ನೆ ಇನ್ನೂ ಜಟಿಲ: ಹೊಲವಿದ್ದಾಗ ಯಜಮಾನನಾಗಿದ್ದವನ ಮಾತಿಗೆ ತೂಕವಿತ್ತು, ಹೊಲ ಹಣವಾಗಿ ಹಂಚಿಹೋದ ಮೇಲೆ ಅದು ಉಳಿಯುವ ಭರವಸೆಯಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ನಿರ್ಲಕ್ಷಿತ ತಂದೆತಾಯಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಯಲ್ಲಿ ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು. ಅದು ತಿಂಗಳಿಗೆ ₹10,000ದವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, 23ನೇ ಸೆಕ್ಷನ್ನಿನಡಿ ರದ್ದುಪಡಿಸಬಹುದು. ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಹೇಳಿತು. ಹಾಗಾಗಿ ದಾನಪತ್ರದಲ್ಲಿಯೇ ಆ ಷರತ್ತನ್ನು ಬರೆಸುವುದು, ಬದುಕಿರುವಷ್ಟು ಕಾಲ ಒಂದಿಷ್ಟು ಜಮೀನಾದರೂ ಹಿರಿಯರ ಹೆಸರಿನ ಪಹಣಿಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಜಾಣತನ. 65 ದಾಟಿದ ಬಡವರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿಯ ₹1,200 ಚಿಕ್ಕ ಮೊತ್ತವೇ. ಆದರೂ ಮೊಮ್ಮಗುವಿಗೆ ಸಂತೆಯಿಂದ ಕಾರಬೂಂದಿ ತರುವ ಸ್ವಾತಂತ್ರ್ಯ ಅದರಲ್ಲಿದೆ. ಗೇಯ್ದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದೆ ಆ ಸ್ವಾತಂತ್ರ್ಯ ತಪ್ಪದಂತೆ ಬದಲಿ ವ್ಯವಸ್ಥೆ ಇರುವುದು ಅಗತ್ಯ.

ನೋಡಿಕೊಳ್ಳುವವರ ಭಾರ

ಮನೆಯಲ್ಲಿಯೇ ಮುಪ್ಪು ಕಳೆಯಬೇಕೆಂಬ ಆದರ್ಶದ ಭಾರವೆಲ್ಲ ಸೊಸೆಯ, ಇಲ್ಲವೇ ಮದುವೆಯಾಗದ ಮಗಳ ಹೆಗಲ ಮೇಲೆ ಬೀಳುತ್ತದೆ. ಆಕೆಯ ಬಳಲಿಕೆಯನ್ನು ಗಮನಿಸದ ಸಂಸ್ಕೃತಿಪ್ರೇಮ ಟೊಳ್ಳು. ಈ ಇಕ್ಕಟ್ಟು ಕನ್ನಡಿಗರಿಗೆ ಮಾತ್ರ ಸೀಮಿತವಲ್ಲ. ತಂದೆತಾಯಿಯ ಸೇವೆಯನ್ನು ಪರಮಧರ್ಮವೆಂದು ಬಗೆಯುವ ಚೀನೀಯರಲ್ಲೂ ಮಕ್ಕಳು ನಗರ ಸೇರಿದ ಮೇಲೆ, ಬೇರೆ ವಾಸಿಸುವವರು ಹಿರಿಯರನ್ನು ಆಗಾಗ ಕಂಡು ಬರಬೇಕೆಂದು 2013ರ ಜುಲೈಯಿಂದ ಕಾನೂನೇ ಹೇಳಬೇಕಾಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ, ವೃದ್ಧಾಶ್ರಮಕ್ಕೆ ಸೇರಿಸಲು ಒಪ್ಪದ ಚೀನೀ ಕುಟುಂಬಗಳಿಗಾಗಿ 1970ರ ದಶಕದ ಆರಂಭದಲ್ಲಿ ಹುಟ್ಟಿದ ‘ಆನ್ ಲೋಕ್’ ಸಂಸ್ಥೆ ಹಗಲಿನ ಕೇಂದ್ರವೊಂದನ್ನು ತೆರೆಯಿತು: ಬೆಳಗ್ಗೆ ವಾಹನದಲ್ಲಿ ಬಂದ ಹಿರಿಯರಿಗೆ ಅವರದೇ ಭಾಷೆ, ಅವರದೇ ಊಟ, ವೈದ್ಯರ ತಪಾಸಣೆ, ಸಂಜೆ ಮತ್ತೆ ಮನೆ. ಮುಂದೆ ಅದೇ ಮಾದರಿ ಅಮೆರಿಕದಾದ್ಯಂತ ಸರ್ಕಾರಿ ನೆರವಿನ ಕಾರ್ಯಕ್ರಮವಾಗಿ ಹರಡಿತು.

ಹತ್ತಿರದ ಮಾದರಿ ಕಾಸರಗೋಡಿನಲ್ಲಿದೆ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಮೊದಲಾದ ಉಪಶಮನ ಆರೈಕೆಯ ಚಳವಳಿ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ನೀಗುವ ಸೇವೆ, 2008ರಲ್ಲಿ ಕೇರಳದ ಸರ್ಕಾರಿ ನೀತಿಯಾಯಿತು. ಅಲ್ಲಿನ ಪಂಚಾಯಿತಿಗಳ ದಾದಿಯರು ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟುವುದು, ಮೂತ್ರದ ನಳಿಕೆ ಬದಲಿಸುವುದು, ಮನೆಯವರಿಗೆ ಮಗ್ಗುಲು ತಿರುಗಿಸುವ ಕ್ರಮ ಕಲಿಸುವುದು ಮೊದಲಾದ ಕೆಲಸ ಮಾಡುತ್ತಾರೆ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮನೆಗಳೂ ಈ ಸೇವೆಯ ವ್ಯಾಪ್ತಿಯಲ್ಲಿವೆ.

ಹಾಸನದ ಪಂಚಾಯಿತಿಗಳಿಗೆ ಇದು ಎಟುಕದ ಹಣ್ಣೇನೂ ಅಲ್ಲ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ, ಹಾಲಿನ ವೇಳೆ ಮುಗಿದ ಮೇಲೆ ಖಾಲಿಯಿರುವ ಡೈರಿ ಕಟ್ಟಡಗಳೂ ಹಗಲೆಲ್ಲ ಬೀಗ ಬಿದ್ದಿರುವ ಸಮುದಾಯ ಭವನಗಳೂ ಇವೆ. ವಾರಕ್ಕೆರಡು ಹಗಲು ಅಂಥ ಒಂದೆಡೆ ಹಿರಿಯರಿಗೆ ಮುದ್ದೆಯೂಟ, ಬಿ.ಪಿ. ತಪಾಸಣೆ, ಕುಳಿತು ಮಾಡುವ ಕೆಲಸ, ಭಜನೆಗಳನ್ನು ಒದಗಿಸಿದರೆ ಮನೆಯಲ್ಲಿ ನೋಡಿಕೊಳ್ಳುವ ಹೆಣ್ಣಿಗೂ ಬಿಡುವು ದೊರೆಯುತ್ತದೆ. ಮಹಾಲಯ ಅಮಾವಾಸ್ಯೆಯಂದು ತೀರಿಹೋದವರಿಗೆ ಎಡೆ ಇಡುವಾಗ ಯಾರಿಗೆ ಯಾವ ತಿಂಡಿ, ಯಾರಿಗೆ ಬೀಡಿ, ಯಾರಿಗೆ ಕಾಫಿ ಎಂಬುದನ್ನು ತಪ್ಪದೆ ನೆನಪಿಟ್ಟಿರುವ ಸಮಾಜಕ್ಕೆ ಒಬ್ಬೊಬ್ಬ ಹಿರಿಯರ ಇಷ್ಟಾನಿಷ್ಟ ಗೊತ್ತಿಲ್ಲವೆಂದು ಹೇಳಲಾಗದು. ಆ ತಿಳಿವಳಿಕೆಯನ್ನು ಬದುಕಿರುವವರ ದಿನಚರಿಗೆ ತರುವುದು, ಗ್ರಾಮಸಭೆಯ ನಡಾವಳಿಯಲ್ಲಿ ಹಿರಿಯರ ಹೆಸರಿನಲ್ಲೊಂದು ಬಾಬ್ತು ಬರೆಸುವುದು, ಆ ಬಾಬ್ತಿನ ಹಣ ಹೇಗೆ ವೆಚ್ಚವಾಗಬೇಕೆಂದು ಅವರನ್ನೇ ಮೊದಲು ಕೇಳುವುದು ಎಲ್ಲವೂ ಮುಂದಿನ ಗ್ರಾಮಸಭೆಯಲ್ಲಿಯೇ ಆರಂಭಿಸಬಹುದಾದ ಕೆಲಸಗಳು.